ಹಿಂಬಾಗಿಲಿನ ಬ್ಯೂಟಿ ಪಾರ್ಲರ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕುಂಬಳೆಯ ಮದುವೆ ಹಾಲಿನ ಹಿಂದಿನ ಕೋಣೆಯಲ್ಲಿ ಒಂದೇ ಟ್ಯೂಬ್‌ಲೈಟು. ಅದರ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮದುಮಗಳು ಕ್ಷಮಾ ಕಣ್ಣು ಮುಚ್ಚಿ ಕೂತಿದ್ದಾಳೆ. ರಾಜೀವಿ ಅವಳ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸುತ್ತಾರೆ. ನೂಲಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಉಳಿದದ್ದನ್ನು ಬೆರಳಿಗೆ ಸುತ್ತಿ, ಹುಬ್ಬಿನ ಕೆಳಗೆ ಉಳಿದುಹೋದ ಒಂದೆರಡು ಕೂದಲನ್ನು ಕೀಳುತ್ತಾರೆ.

“ಆಂಟೀ, ನೋವಾಗ್ತದೆ.”

ಬಾಯಲ್ಲಿ ನೂಲಿರುವುದರಿಂದ ಮಾತಿಲ್ಲ. ನೂಲು ತೆಗೆದ ಮೇಲೆ ರಾಜೀವಿ ಹೇಳುತ್ತಾರೆ: “ಮದುವೆ ಆಗ್ಲಿ. ಆಮೇಲೆ ಹೇಳು ಯಾವುದು ನೋವು ಅಂತ.”

ಕೋಣೆಯಲ್ಲಿದ್ದ ಹೆಂಗಸರು ನಗುತ್ತಾರೆ. ರಾಜೀವಿ ನಗುವುದಿಲ್ಲ, ಆಕಳಿಸುತ್ತಾರೆ. ಅವರಿಗೆ ಇದು ಇಂದಿನ ಎರಡನೆಯ ಮದುಮಗಳು. ಕುಂಜತ್ತೂರಿನಲ್ಲಿ ಬೆಳಗಿನ ಜಾವ ಮೂರು ಗಂಟೆಗೇ ಎಲ್ವಿಟಾ ಎಂಬ ಹುಡುಗಿಗೆ ಬಿಳಿ ಗೌನು ತೊಡಿಸಿ, ತಲೆಗೆ ನೆಟ್ಟಿನ ಮುಸುಕು ಸಿಕ್ಕಿಸಿ, ಅಲ್ಲಿಂದ ನೇರ ಇಲ್ಲಿಗೆ ಬಂದಿದ್ದಾರೆ. ಮೇ ತಿಂಗಳೆಂದರೆ ಹೀಗೆಯೇ. ಉಳಿದ ತಿಂಗಳುಗಳಲ್ಲಿ ದಿನಕ್ಕೆ ನಾಲ್ಕೈದು ಐಬ್ರೋ, ಒಂದು ಫೇಶಿಯಲ್, ಕೆಲವು ದಿನ ಅದೂ ಇಲ್ಲ.

ರಾಜೀವಿಗೆ ಈಗ ನಲವತ್ತಾರು. ಮದುವಣಗಿತ್ತಿಯರನ್ನು ಸಿಂಗರಿಸಲು ಮನೆಮನೆಗೆ ಹೋಗತೊಡಗಿ ಒಂಬತ್ತು ವರ್ಷವಾಯಿತು. ಇಷ್ಟು ವರ್ಷಗಳಲ್ಲಿ ಅವರು ತಾನು ಸಿಂಗರಿಸಿದ ಒಬ್ಬಳ ಮುಖವನ್ನೂ ಧಾರೆಯ ನಂತರ ನೋಡಿಲ್ಲ. ಮದುವೆ ಹಾಲಿನ ಸೆಕೆ, ವಿಡಿಯೋದವರ ಲೈಟಿನ ಬಿಸಿ, ಮುನ್ನೂರು ಜನರ ಅಕ್ಷತೆ, ಇಷ್ಟೆಲ್ಲ ಆದ ಮೇಲೆ ತಾನು ಹಚ್ಚಿದ ಬಣ್ಣ ನಿಂತಿತೇ, ಇಳಿಯಿತೇ? ಗೊತ್ತಿಲ್ಲ. “ಬಡಗಿ ತಾನು ಮಾಡಿದ ಕುರ್ಚಿ ಮೇಲೆ ಒಮ್ಮೆ ಕೂತು ನೋಡ್ತಾನೆ. ನನಗೆ ಅದಿಲ್ಲ” ಎನ್ನುತ್ತಾರೆ. ಇವತ್ತು ನೋಡಬೇಕೆಂದು ಬಂದಿದ್ದಾರೆ. ಬರಹೇಳಿದವರು ಕ್ಷಮಾಳ ತಾಯಿ ದಮಯಂತಿ. ರಾಜೀವಿಯ ಪಾರ್ಲರಿನ ಮೊದಲ ಗಿರಾಕಿ.

ಅದು 2003ರ ಮಾತು. ಶಿರಿಯದಲ್ಲಿ ರಾಜೀವಿಯ ಮನೆಯ ಎದುರಿನ ಕೋಣೆ ರಸ್ತೆಗೆ ಮುಖ ಮಾಡಿದೆ. ಗಂಡ ಸುಕುಮಾರ ಬೋರ್ಡು ಬರೆಯುವವರು. ಕಾಸರಗೋಡಿನಿಂದ ಮಂಜೇಶ್ವರದವರೆಗೆ ಅಂಗಡಿಗಳಿಗೆ ಕನ್ನಡ, ಮಲಯಾಳ ಎರಡರಲ್ಲೂ ಬರೆಯುತ್ತಿದ್ದರು. ರಾಜೀವಿ ಆರು ತಿಂಗಳು ಬೆಳಗಿನ ರೈಲಿನಲ್ಲಿ ಮಂಗಳೂರಿಗೆ ಹೋಗಿ ಬ್ಯೂಟೀಶಿಯನ್ ಕೋರ್ಸು ಮುಗಿಸಿದರು. ತಿರುಗುವ ಕುರ್ಚಿ ಹೊಸದು ಕೊಳ್ಳುವ ಶಕ್ತಿ ಇರಲಿಲ್ಲ. ಕುಂಬಳೆಯ ಬಟ್ಯ ತನ್ನ ಸೆಲೂನಿಗೆ ಹೊಸ ಕುರ್ಚಿ ತರಿಸಿದಾಗ ಹಳೆಯದನ್ನು ಇವರು ಕೊಂಡುಕೊಂಡರು. “ಸೀಗೆಪುಡಿ ಹಾಕಿ ಮೂರು ಸಲ ತಿಕ್ಕಿದೆ. ಆದರೂ ಒಂದು ವರ್ಷ ಶೇವಿಂಗ್ ಸೋಪಿನ ವಾಸನೆ ಹೋಗ್ಲಿಲ್ಲ.”

ಸುಕುಮಾರ ಬೋರ್ಡು ಬರೆದರು. ಅಕ್ಷರಗಳ ಪಕ್ಕದಲ್ಲಿ ಉದ್ದ ರೆಪ್ಪೆಯ ಹೆಣ್ಣಿನ ಮುಖ. ಪೂಜೆಯೂ ಆಯಿತು, ಲಡ್ಡೂ ಹಂಚಿದ್ದೂ ಆಯಿತು. ಎರಡು ತಿಂಗಳು ಒಬ್ಬರೂ ಒಳಗೆ ಕಾಲಿಡಲಿಲ್ಲ.

“ಮನೆ ಎದುರೇ ಬಸ್‌ಸ್ಟಾಪು. ಇನ್ನೆಂತ ಬೇಕು, ಜನ ತಾನಾಗಿ ಬರ್ತಾರೆ ಅಂತ ನಾವು ಎಣಿಸಿದ್ದು. ಅದೇ ತಪ್ಪಾದದ್ದು. ಬಸ್ಸಿಗೆ ಕಾಯುವವರಿಗೆ ಬೇರೆ ಕೆಲಸ ಉಂಟಾ? ಯಾರು ಒಳಗೆ ಹೋದರು, ಯಾವ ಮುಖ ಹಿಡ್ಕೊಂಡು ಹೊರಗೆ ಬಂದರು ಅಂತ ನೋಡುವುದೇ ಕೆಲಸ. ಅಷ್ಟು ಕಣ್ಣಿನೆದುರು ಯಾವ ಹೆಂಗಸು ಪಾರ್ಲರಿಗೆ ಹತ್ತುತ್ತಾಳೆ?”

ರಾಜೀವಿಯ ಅತ್ತೆ ಹಿತ್ತಿಲಲ್ಲಿ ಕೋಳಿ ಸಾಕುತ್ತಿದ್ದರು. ಒಂದು ದಿನ ನೆರೆಯ ದಮಯಂತಿ ಮೊಟ್ಟೆಗೆಂದು ಅಡುಗೆಮನೆಯ ಬಾಗಿಲಿಗೆ ಬಂದರು. ಮೊಟ್ಟೆ ಚೀಲಕ್ಕೆ ಹಾಕಿಕೊಂಡ ಮೇಲೂ ಹೊರಡಲಿಲ್ಲ. ಒಳಗಿನ ಕನ್ನಡಿಯ ಕಡೆ ಇಣುಕಿದರು. “ನನ್ನ ಹುಬ್ಬು ಸ್ವಲ್ಪ ಸರಿ ಮಾಡ್ತೀಯಾ? ಆದರೆ ಮಾಡಿದ ಹಾಗೆ ಕಾಣಬಾರದು ಮಾರಾಯ್ತಿ.”

ಮಾಡಿದ ಹಾಗೆ ಕಾಣದಂತೆ ಮಾಡಿದರು. ಮರುವಾರ ಇನ್ನಿಬ್ಬರಿಗೆ ಮೊಟ್ಟೆ ಬೇಕಾಯಿತು. ತಿಂಗಳೊಳಗೆ ಶಿರಿಯದ ಹೆಂಗಸರಿಗೆಲ್ಲ ರಾಜೀವಿಯ ಮನೆಯ ಮೊಟ್ಟೆಯೇ ಆಗಬೇಕು. ಅತ್ತೆಯ ಕೋಳಿಗಳು ಅಷ್ಟು ಇಡುವುದಾದರೂ ಹೇಗೆ? ರಾಜೀವಿ ಅಂಗಡಿಯಿಂದ ಮೊಟ್ಟೆ ತಂದಿಟ್ಟುಕೊಳ್ಳಬೇಕಾಯಿತು. ಖಾಲಿ ಚೀಲ ಹಿಡಿದು ಹೊರಗೆ ಹೋದರೆ ಬಸ್‌ಸ್ಟಾಪಿನವರಿಗೆ ಗುಟ್ಟು ತಿಳಿಯುತ್ತದಲ್ಲ! ಮೊಟ್ಟೆ ತಿನ್ನದವರಿಗೆ, ಸೋಮವಾರದ ವ್ರತದವರಿಗೆ ಹಿತ್ತಿಲ ಚಪ್ಪರದಿಂದ ಒಂದು ಕಟ್ಟು ಬಸಳೆ. ಎದುರಿನ ಬಾಗಿಲು ಮುಚ್ಚಿಯೇ ಇತ್ತು. ಬ್ಯೂಟಿ ಪಾರ್ಲರ್ ಹಿಂದಿನಿಂದ ನಡೆಯಿತು.

“ಬೋರ್ಡಿನಲ್ಲಿ ಆ ಹೆಣ್ಣಿನ ಮುಖ ಅಳಿಸಿ ಮೊಟ್ಟೆ ಬರೀಬೇಕಾ ಅಂತ ಇವರು ಕೇಳಿದ್ದು. ತಮಾಷೆಗೆ” ಎನ್ನುತ್ತಾರೆ ರಾಜೀವಿ. ಇವರು ಎಂದರೆ ಸುಕುಮಾರ.

2009ರಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದ ಸುಕುಮಾರ ಮತ್ತೆ ಏಳಲಿಲ್ಲ. ತಟ್ಟೆಯಲ್ಲಿ ಅನ್ನ ಅರ್ಧ ಇತ್ತು ಎಂದು ಮಾತ್ರ ರಾಜೀವಿ ಹೇಳುತ್ತಾರೆ. ಬೋರ್ಡು ಈಗಲೂ ಅದೇ. ಬಣ್ಣ ಉದುರಿ ಹೆಣ್ಣಿನ ಮುಖದಲ್ಲಿ ಒಂದು ಕಣ್ಣು ಉಳಿದಿದೆ.

ಹಿಂಬಾಗಿಲಿನ ಸಂಪಾದನೆ ಸಾಲದೆ ಅವರು ಬಾಕ್ಸು ಹಿಡಿದು ಮದುವೆ ಮನೆಗಳಿಗೆ ಹೊರಟದ್ದು ಆಮೇಲೆ. ಕರೆಯುವವರಿಗೇನೂ ಕೊರತೆಯಿರಲಿಲ್ಲ. ಆದರೆ ಸೀರೆ ಉಡಿಸಿ, ಬಣ್ಣ ಮುಗಿದು, ಬಾಳೆಲೆಯಲ್ಲಿ ಕಟ್ಟಿ ತಂದ ಮಲ್ಲಿಗೆಯ ಅಟ್ಟೆ ಬಿಚ್ಚುವ ಹೊತ್ತಿಗೆ ಯಾರಾದರೂ ಒಬ್ಬರು ಮೆತ್ತಗೆ ಹೇಳುತ್ತಿದ್ದರು: ರಾಜೀವಿ, ನೀನು ಬೇಗ ತಿಂಡಿ ಮುಗಿಸು, ಆಮೇಲೆ ರಶ್ಶು. ಮೊದಲ ಸಲ ಅದು ಉಪಚಾರವೆಂದೇ ತಿಳಿದರು. ಮೂರನೆಯ ಸಲ ಅರ್ಥವಾಯಿತು. ಹೂವು, ಕುಂಕುಮ ಮುತ್ತೈದೆಯರದು. ಗಂಡ ಸತ್ತವಳು ಮುಹೂರ್ತದ ಹೊತ್ತಿಗೆ ಎದುರಿರಬಾರದು. ಅಂದಿನಿಂದ ಯಾರೂ ಹೇಳುವ ಮೊದಲೇ ಹಿಂದಿನ ಬಾಗಿಲಿನಿಂದ ಹೊರಟುಬಿಡುತ್ತಾರೆ. ಕ್ರೈಸ್ತರ ಇಗರ್ಜಿಯ ಮದುವೆಗಳಲ್ಲಿ ಹೋಗು ಎನ್ನುವವರಿಲ್ಲ. ಆದರೆ ಮದುಮಗಳ ಕಾರು ಇಗರ್ಜಿಗೆ ಹೊರಟರೆ ಇವರು ಮುಂದಿನ ಮದುವೆ ಮನೆಗೆ ಬಸ್ಸು ಹಿಡಿಯಬೇಕು.

“ಬೇಜಾರು ಅಂತ ಇಲ್ಲ. ಬೇಜಾರು ಮಾಡ್ಲಿಕ್ಕೂ ಸ್ವಲ್ಪ ಪುರುಸೊತ್ತು ಬೇಕಲ್ಲ” ಎನ್ನುತ್ತಾ ರಾಜೀವಿ ಬೆರಳು ತೋರಿಸುತ್ತಾರೆ. ಬ್ಲೀಚಿಗೆ ಚರ್ಮ ಒಡೆದಿದೆ. ನೂಲು ಕಚ್ಚಿ ಕಚ್ಚಿ ಮುಂದಿನ ಹಲ್ಲಿನಲ್ಲಿ ಸಣ್ಣ ಗೀರು ಬಿದ್ದಿದೆ. ನಿಂತು ನಿಂತು ಸಂಜೆಗೆ ಕಾಲು ಬಾತುಕೊಳ್ಳುತ್ತದೆ. ಈಗ ಉಪ್ಪಳದಲ್ಲಿ ಏಸಿ ಪಾರ್ಲರುಗಳಿವೆ. ಹುಡುಗಿಯರು ಎದುರಿನ ಬಾಗಿಲಿನಿಂದಲೇ ಹೋಗುತ್ತಾರೆ. ಆ ಬಗ್ಗೆಯೂ ರಾಜೀವಿಗೆ ದೂರಿಲ್ಲ.

ಕೋಣೆಯೊಳಗೆ ಕ್ಷಮಾಳ ಸೋದರತ್ತೆ ಸೌದಾಮಿನಿ ಬರುತ್ತಾರೆ. ಕೈಯಲ್ಲಿ ಮಲ್ಲಿಗೆ.

“ಚಂದ ಆಗಿದೆ. ರಾಜೀವಿ, ನೀನಿನ್ನು ಕಾಫಿ ಕುಡಿದು ಹೊರಡು. ಆಮೇಲೆ ರಶ್ಶು.”

ರಾಜೀವಿಯ ಕೈ ಅಭ್ಯಾಸದಿಂದ ಬಾಕ್ಸಿನ ಮುಚ್ಚಳಕ್ಕೆ ಹೋಗುತ್ತದೆ.

“ಅವಳು ಎಲ್ಲಿಗೂ ಹೊರಡುವುದಿಲ್ಲ ಅತ್ತಿಗೆ” ಎನ್ನುತ್ತಾರೆ ಮಗಳ ಪಕ್ಕದಲ್ಲೇ ಇದ್ದ ದಮಯಂತಿ. “ಹೂ ನೀವೇ ಮುಡಿಸಿ. ಅವಳು ಧಾರೆ ಮುಗಿಯುವ ತನಕ ಇಲ್ಲೇ ಇರ್ತಾಳೆ.”

“ನಾನು ಹೇಳುವುದು ಪದ್ಧತಿ...”

“ಪದ್ಧತಿ ಎಂತದ್ದು? ನಿಮ್ಮ ಮನೆಯಲ್ಲಿ ಅಷ್ಟುದ್ದ ಬಸಳೆ ಚಪ್ಪರ ಇರುವಾಗ ನೀವು ಪ್ರತಿ ಸೋಮವಾರ ಇವಳಲ್ಲಿಗೆ ಬಸಳೆಗೆ ಹೋಗ್ತಿದ್ರಿ. ಅದು ಯಾವ ಪದ್ಧತಿ?”

ಮೂಲೆಯಲ್ಲಿದ್ದ ಅಜ್ಜಿಯೊಬ್ಬರು ಮೊದಲು ಕಿಸಕ್ಕೆನ್ನುತ್ತಾರೆ, ಆಮೇಲೆ ಎಲ್ಲರೂ. ಸೌದಾಮಿನಿ ಹೂ ಮುಡಿಸುತ್ತಾರೆ. ಅವರ ಹುಬ್ಬು ಇಂದಿಗೂ ತಿದ್ದಿದಂತೆಯೇ ಇದೆ.

ಮದುಮಗಳನ್ನು ಕರೆದುಕೊಂಡು ಹೋಗುತ್ತಾರೆ. ಕೋಣೆ ಖಾಲಿ. ವಾದ್ಯ ಜೋರಾದಾಗ ಪಕ್ಕದ ಬಾಗಿಲಲ್ಲಿ ನಿಂತು ನೋಡಬೇಕೆಂದು ರಾಜೀವಿಯ ಎಣಿಕೆ. ಅಲ್ಲಿಯವರೆಗೆ ಒಂದು ಘಳಿಗೆ ಕಾಲು ಚಾಚೋಣವೆಂದು ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಾರೆ. ಫ್ಯಾನು ತಿರುಗುತ್ತಿದೆ. ಇಂಥ ಕುರ್ಚಿಯಲ್ಲಿ ಕೂತವರನ್ನು ಸಿಂಗರಿಸಿದ್ದಾರೆಯೇ ಹೊರತು ತಾನು ಕೂತದ್ದು ಕಡಿಮೆ. ವಾದ್ಯ ಜೋರಾಗುತ್ತದೆ. ರಾಜೀವಿಗೆ ಕೇಳಿಸುವುದಿಲ್ಲ.

“ಆಂಟೀ. ರಾಜೀವಿ ಆಂಟೀ.”

ಗಂಡಿನ ಕಡೆಯವರು ಕೊಟ್ಟ ಸೀರೆ ಉಡಲು ಬಂದ ಕ್ಷಮಾ ಭುಜ ಅಲುಗಿಸುತ್ತಿದ್ದಾಳೆ. ಕೊರಳಲ್ಲಿ ಕರಿಮಣಿ.

“ಧಾರೆ ಶುರುವಾಯ್ತಾ?”

“ಆಯ್ತು, ಮುಗೀತು. ನೀವು ಗೊರಕೆ ಹೊಡೀತಿದ್ರಿ.”

ರಾಜೀವಿ ಎದ್ದು, ಗಲ್ಲ ಹಿಡಿದು, ಕ್ಷಮಾಳ ಮುಖವನ್ನು ಕಿಟಕಿಯ ಬಿಸಿಲಿಗೆ ತಿರುಗಿಸುತ್ತಾರೆ. ಹಣೆ ನೋಡುತ್ತಾರೆ, ಮೂಗಿನ ಪಕ್ಕ ನೋಡುತ್ತಾರೆ, ಕಿವಿಯ ಕೆಳಗೆ ಬೆರಳಿನಿಂದ ಒತ್ತಿ ಬೆರಳನ್ನೂ ನೋಡುತ್ತಾರೆ. ರವಿಕೆ ಬೆವರಿಗೆ ಪೂರ್ತಿ ಒದ್ದೆ. ಬಣ್ಣ ಇದ್ದಲ್ಲೇ ಇದೆ. ಮುಡಿಸಿದ ಮಲ್ಲಿಗೆ ಸ್ವಲ್ಪ ಓರೆಯಾಗಿದೆ. ಅದನ್ನು ಅವರು ಮುಟ್ಟುವುದಿಲ್ಲ. ಎಡಗಣ್ಣಿನ ಕೆಳಗೆ ಕಾಡಿಗೆಯ ಒಂದು ಸಪೂರ ಗೆರೆ ಇಳಿದಿದೆ. ಅಲ್ಲಿ ಅವರ ಬೆರಳು ನಿಲ್ಲುತ್ತದೆ.

“ಇದು ಬೆವರಿದ್ದಾ, ಅತ್ತದ್ದಾ?”

“ಅತ್ತದ್ದು. ಅಪ್ಪ ಧಾರೆ ಎರೆಯುವಾಗ.”

“ಹಾಗಾದರೆ ಅಡ್ಡಿಲ್ಲ” ಎಂದು ರಾಜೀವಿ ಹತ್ತಿ ತೆಗೆಯುತ್ತಾರೆ. “ಅತ್ತದ್ದಕ್ಕೆ ಜವಾಬ್ದಾರಿ ನಾನಲ್ಲ. ಬೆವರಿಗೆ ನಿಂತಿದೆ.”