ದೃಷ್ಟಿಬೊಂಬೆ ಉಟ್ಟ ಸೀರೆ

ಅಂಗಡಿಗಳ ಗಾಜಿನ ಹಿಂದೆ ಬಟ್ಟೆ ಜೋಡಿಸಿ ಅಂದ ಮಾಡಿಕೊಡುವುದು ನನ್ನ ಕೆಲಸ. ತಮಿಳು ಗಡಿಯ ಮತ್ತಿಗಿರಿಯ ಸೀರೆ ಅಂಗಡಿಯ ಅಣ್ಣ ಕರೆದಾಗಲೇ ಹೇಳಿದ್ದರು: "ಹೊಸ ಬೊಂಬೆ ತರ್ಸೋಕೆ ಆಗಲ್ಲಮ್ಮ. ಇರೋದ್ರಲ್ಲೇ ಏನಾದ್ರೂ ಮಾಡು."

ಇದ್ದದ್ದು ತಲೆ ಮುರಿದ ಎರಡು ಬೊಂಬೆ. ಎರಡು ಮಡಕೆ ತಂದು, ದೊಡ್ಡ ಕಣ್ಣು ಬರೆದು, ಬೊಟ್ಟಿಟ್ಟು, ಕತ್ತಿನ ಮೇಲೆ ಬೋರಲು ಹಾಕಿದೆ. ರಾಗಿಹುಲ್ಲು ಹೆಣೆದು ಜಡೆ ಮಾಡಿದೆ. ಸೀರೆ ಉಡಿಸಿ, ಹಿಂದೆ ಸರಿದು ನೋಡಿದರೆ ನನಗೇ ಹೆಮ್ಮೆ.

ಅಣ್ಣ ನೋಡಿದವರೇ ಬೆಚ್ಚಿಬಿದ್ದರು. "ಅಯ್ಯೋ, ಕಟ್ಟೋ ಮನೆ ಮುಂದೆ ನಿಲ್ಸೋ ದೃಷ್ಟಿಬೊಂಬೆ ಕಣಮ್ಮ ಇದು! ಇದು ಉಟ್ಟ ಸೀರೆನ ಯಾರು ತಗೋತಾರೆ? ತೆಗ್ದಾಕು."

ನನಗೆ ರೇಗಿತು. "ತೆಗೆಯಲ್ಲ ಕಣಣ್ಣ. ಜನರ ದೃಷ್ಟಿ ಬೀಳ್ಲಿ ಅಂತಾನೇ ತಾನೆ ಇಷ್ಟಗಲ ಗಾಜು ಹಾಕ್ಸಿರೋದು? ಬೀಳ್ಬಾರ್ದು ಅಂತಿದ್ರೆ ಗೋಡೆ ಕಟ್ಟಿಸ್ಬೇಕಿತ್ತು."

ಅವರು ಬಾಯಿ ತೆರೆಯುವಷ್ಟರಲ್ಲಿ, ಫ್ಯಾಕ್ಟರಿ ಶಿಫ್ಟ್ ಮುಗಿಸಿ ಬರುತ್ತಿದ್ದ ಹೆಂಗಸೊಬ್ಬರು ಗಾಜಿನ ಮುಂದೆ ನಿಂತು ಜೋರಾಗಿ ನಕ್ಕರು. ಒಳಗೆ ಬಂದು ತಮಿಳು ಬೆರೆಸಿ, "ಅಣ್ಣಾ, ಆ ತಿರುಷ್ಟಿ ಬೊಮ್ಮೆ ಉಟ್ಟಿರೋ ಸೀರೆನೇ ಬಿಚ್ಚಿ ಕೊಡಿ," ಎಂದರು. ಅಣ್ಣ ನನ್ನ ಕಡೆ ತಿರುಗದೆ ಸೀರೆ ಬಿಚ್ಚತೊಡಗಿದರು.

ವಾರದ ಮೇಲೆ ಅಣ್ಣನೇ ಫೋನ್ ಮಾಡಿದರು. "ಎದುರಂಗಡಿಯವ್ರ ಕಣ್ಣೆಲ್ಲ ನಮ್ಮ ಗಾಜಿನ ಮೇಲೇ ಅದೆ ಕಣಮ್ಮ. ದೃಷ್ಟಿ ತಾಕದಂಗೆ ಬಾಗ್ಲಿಗೆ ಒಂದು ಬೂದುಗುಂಬಳ ಕಟ್ಟಿಸ್ಲಾ?"

"ಕಟ್ಸಿ," ಅಂದೆ. "ಅದಕ್ಕೂ ಒಂದು ಸೀರೆ ಉಡಿಸ್ತೀನಿ."