ಮತ್ತಿಕೆರೆಯ ಲೇತು, ನನ್ನ ಹೊಟ್ಟೆಕಿಚ್ಚು

ನಾನು ಹೇಳಿದ ಒಂದು ಸುಳ್ಳಿಗೆ ಕಳೆದ ಭಾನುವಾರ ನನಗೆ ಶಾಲು ಹೊದಿಸಿದರು. ಜೊತೆಗೆ ಏಲಕ್ಕಿ ಹಾರ, ಹಣ್ಣಿನ ಬುಟ್ಟಿ. ಹತ್ತು ಜನ ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿ ಹಾರ ಹಾಕಿಸಿಕೊಂಡೆ. (ವಿನಯ ಎಂದುಕೊಂಡರೇನೋ. ಮುಖ ತೋರಿಸಲು ಆಗುತ್ತಿರಲಿಲ್ಲ, ಅಷ್ಟೇ.)

ಹೇಗಾಯಿತು ಎಂದು ಹೇಳಿಬಿಡುತ್ತೇನೆ.

ನನ್ನ ಹುಚ್ಚು ಈ ಅಂಕಣದ ಹಳೆಯ ಓದುಗರಿಗೆ ಗೊತ್ತೇ ಇದೆ. ಬ್ಯಾಟರಾಯನಪುರದ ನಮ್ಮ ಮನೆಯ ಪೋರ್ಟಿಕೋದಲ್ಲಿ, ಕಾರು ನಿಲ್ಲಬೇಕಾದ ಜಾಗದಲ್ಲಿ, ಒಂದು ಲೇತ್ ಮಷೀನು, ಪಕ್ಕದಲ್ಲಿ ಲೋಹ ಕೊರೆಯುವ ಒಂದು ಪುಟ್ಟ ಮಿಲ್ಲಿಂಗ್ ಮಷೀನು ಇವೆ. ಕಾರು ಬೀದಿಯಲ್ಲಿ ಬಿಸಿಲು ಕಾಯುತ್ತದೆ. ಲೇತ್ ಎಂದರೆ ಕಬ್ಬಿಣದ ಸರಳನ್ನು ಗಿರಗಿರ ತಿರುಗಿಸಿ, ಟೂಲ್ ಒಡ್ಡಿ, ಬೇಕಾದ ಅಳತೆಗೆ ತರುವ ಯಂತ್ರ. ನನ್ನದು ಹೊಚ್ಚಹೊಸದಾಗಿಯೇ ಕೊಂಡದ್ದು. ಡಿಜಿಟಲ್ ಡಿಸ್‌ಪ್ಲೇ, ಎಲ್ಇಡಿ ಲೈಟು, ಎಲ್ಲ ಇದೆ. ಇಷ್ಟು ವರ್ಷದಲ್ಲಿ ಅದರಲ್ಲಿ ನಾನು ಮಾಡಿರುವುದೇನು? ಆರು ಪೆನ್ ಸ್ಟ್ಯಾಂಡು.

ನಮ್ಮಂಥವರದೊಂದು ವಾಟ್ಸಾಪ್ ಗುಂಪಿದೆ. ಹೆಬ್ಬಾಳ, ಯಲಹಂಕ, ಆರ್.ಟಿ. ನಗರ ಕಡೆಯ ಹತ್ತು ಹನ್ನೆರಡು ಜನ. ಎಲ್ಲರೂ ಮನೆಯಲ್ಲೇ ಮಷೀನು ಇಟ್ಟುಕೊಂಡು ಹೆಂಡತಿಯರ ಬೈಗುಳ ತಿನ್ನುವವರು. ಗುಂಪಿಗೆ ನಾನೇ ಹಿರಿಯ. ಯಾರಿಗೆ ಡೌಟ್ ಬಂದರೂ "ಸರ್ ಏನಂತಾರೆ?" ಎಂದು ಕೇಳುತ್ತಿದ್ದರು. ಎಂಥ ಸುಖ ಗೊತ್ತಾ ಅದು? ಬ್ಯುಸಿ ಇದ್ದವನ ಹಾಗೆ ಎರಡು ಗಂಟೆ ಕಾಯಿಸಿ ಉತ್ತರ ಕೊಡುತ್ತಿದ್ದೆ.

ಆಮೇಲೆ ಶಿವಾನಂದ್ ಬಂದರು.

ಗದಗಿನ ಕಡೆಯವರು. ಮತ್ತಿಕೆರೆಯಲ್ಲಿ ಮನೆ, ಕಾಲೇಜೊಂದರ ಆಫೀಸಿನಲ್ಲಿ ಕೆಲಸ. ಯಶವಂತಪುರದ ಗುಜರಿಯೊಂದರಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಲೇತನ್ನು ತಂದು ಮನೆಯ ಪೋರ್ಟಿಕೋದಲ್ಲಿ ಇಟ್ಟರು. ಅದರ ಫೋಟೊ ಗುಂಪಿಗೆ ಬಂದಾಗ ನಾನು ನಗುವ ಇಮೋಜಿ ಹಾಕಿದೆ. ನಾಲ್ಕು ವಾರದಲ್ಲಿ ತುಕ್ಕು ಮಾಯವಾಯಿತು. ಆರನೇ ವಾರ, ಜಿಮ್ ಒಂದರವರು ಎಸೆದ ಟ್ರೆಡ್‌ಮಿಲ್ಲಿನ ಮೋಟಾರು ಬಿಚ್ಚಿ ಲೇತಿಗೆ ಕೂರಿಸಿದರು. ಈಗ ಸ್ಪೀಡು ಬದಲಾಯಿಸಲು ಬೆಲ್ಟು ಕಳಚುವ ರಗಳೆಯೇ ಇಲ್ಲ. ರೇಡಿಯೊ ವಾಲ್ಯೂಮಿನ ಹಾಗೆ ಒಂದು ಗುಂಡಿ ತಿರುಗಿಸಿದರೆ ಸಾಕು. ಗುಂಪಿನಲ್ಲಿ ಹೊಗಳಿಕೆಯೋ ಹೊಗಳಿಕೆ. ನಾನೂ ಒಂದು ಹೆಬ್ಬೆರಳು ಒತ್ತಿದೆ. ಒತ್ತಲು ಎಷ್ಟು ಹೊತ್ತು ಹಿಡಿಯಿತು ಎಂಬುದು ನನಗೊಬ್ಬನಿಗೇ ಗೊತ್ತು.

ಹೊಟ್ಟೆಕಿಚ್ಚಾ? ಹೌದು. ಅದಕ್ಕೆ ಬೇರೆ ಹೆಸರಿಡುವ ಉಸಾಬರಿ ಯಾಕೆ?

ಅಷ್ಟಕ್ಕೇ ನಿಂತಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಒಂದು ದಿನ ಅವರು ನಮ್ಮ ಮನೆಗೆ ಕಾಫಿಗೆ ಬಂದರು. ಅಡುಗೆಮನೆಯಲ್ಲಿ ಗ್ರೈಂಡರು ಕರಕರ ಎನ್ನುತ್ತಿತ್ತು. ಅದರೊಳಗಿನ ಬುಷ್, ಅಂದರೆ ಅಚ್ಚು ತಿರುಗುವ ಲೋಹದ ಬಳೆ, ಸವೆದಿತ್ತು. "ನಾನೇ ಮಾಡಿಕೊಡ್ತೀನಿ" ಎಂದು ಹೆಂಡತಿ ವನಜಾಳಿಗೆ ನಾನು ಮಾತು ಕೊಟ್ಟು ಒಂದು ವರ್ಷವಾಗಿತ್ತು. ಶಿವಾನಂದ್ ಅಳತೆ ತೆಗೆದುಕೊಂಡು ಹೋದರು. ಮೂರನೇ ದಿನ ಹಿತ್ತಾಳೆಯ ಹೊಸ ಬುಷ್ ತಂದು ಕೂರಿಸಿಯೇಬಿಟ್ಟರು.

"ಎಷ್ಟ್ ನೈಸಾಗಿ ತಿರುಗ್ತಿದೆ ನೋಡ್ರೀ" ಎಂದಳು ವನಜಾ. ಆಮೇಲೆ ನನ್ನ ಲೇತಿನ ಕಡೆ ಕಣ್ಣು ಹಾಯಿಸಿ, "ಇದನ್ನೂ ಅವರಿಗೇ ಕೊಟ್ಬಿಡಿ. ಪಾಪ, ಹಳೇದ್ರಲ್ಲೇ ಇಷ್ಟೆಲ್ಲಾ ಮಾಡ್ತಾರೆ" ಎಂದಳು.

ಮರುದಿನ ಬೆಳಿಗ್ಗೆ ಆ ಗ್ರೈಂಡರಿನ ಹಿಟ್ಟಿನ ದೋಸೆ ಬಿಟ್ಟು ನಾನು ಬ್ರೆಡ್ ತಿಂದೆ.

ಮರುವಾರ ಅವರದೇ ಫೋನು. "ಸರ್, ಒಮ್ಮೆ ಬಂದು ನೋಡ್ರಿ. ಸರಳು ಒಂದ್ ತುದಿಗೆ ದಪ್ಪ ಬರಾಕತ್ತೈತ್ರಿ. ಯಾಕಂತ ತಿಳೀವಲ್ದು."

ಹೋದೆ. ಒಂದಡಿ ಉದ್ದದ ಸರಳಿನ ಎರಡೂ ತುದಿಗೆ ಮೈಕ್ರೋಮೀಟರ್ ಹಿಡಿದು ಅಳೆದೆ. ನಿಜ, ಕೂದಲೆಳೆಯಷ್ಟು ವ್ಯತ್ಯಾಸ. ಬಗ್ಗಿ ಮಷೀನಿನ ಕಾಲುಗಳನ್ನು ನೋಡಿದೆ. ಕಾರಣ ಅಲ್ಲೇ ಕಂಡಿತು.

ನಮ್ಮ ಪೋರ್ಟಿಕೋಗಳ ನೆಲ ಸಮ ಇರುವುದಿಲ್ಲ. ಕಾರು ತೊಳೆದ ನೀರು ಮೂಲೆಯ ಜಾಲರಿಗೆ ಹರಿಯಲಿ ಎಂದು ಮೇಸ್ತ್ರಿ ವಾಟ ಕೊಟ್ಟಿರುತ್ತಾನೆ. ಅಂಥ ನೆಲದ ಮೇಲೆ ಲೇತ್ ಇಟ್ಟು ನಾಲ್ಕೂ ಕಾಲಿಗೆ ಬೋಲ್ಟ್ ಬಿಗಿದರೆ, ತಗ್ಗಿನ ಮೂಲೆಯ ಕಾಲು ಕೆಳಕ್ಕೆ ಜಗ್ಗುತ್ತದೆ. ಇಡೀ ಮಷೀನು ಸಣ್ಣಗೆ ತಿರುಚಿಕೊಂಡು, ಸರಳು ಒಂದು ತುದಿಗೆ ದಪ್ಪ ಬರುತ್ತದೆ. ಕಾರ್ಖಾನೆಯಲ್ಲಿ ಯಾರೂ ಈ ತಪ್ಪು ಮಾಡುವುದಿಲ್ಲ. ಕಾರಿನ ಜಾಗ ಕಬಳಿಸುವ ನಮ್ಮಂಥವರಷ್ಟೇ ಮಾಡುತ್ತೇವೆ. ನಾನೂ ಮಾಡಿ, ಎರಡು ತಿಂಗಳು ಒದ್ದಾಡಿದ್ದೆ. ಪರಿಹಾರವೇನು? ಬೋಲ್ಟ್ ಸಡಿಲಿಸಿ, ಆ ಕಾಲಿನ ಕೆಳಗೆ ಒಂದು ತಗಡಿನ ಚೂರು ತೂರಿಸುವುದು. ಹತ್ತು ನಿಮಿಷದ ಕೆಲಸ.

ಶಿವಾನಂದ್ ಕೈಕಟ್ಟಿ ನಿಂತಿದ್ದರು. "ಏನಾಗಿರಬಹುದ್ರಿ ಸರ್?"

ನಾನು ನಿಟ್ಟುಸಿರು ಬಿಟ್ಟೆ. (ಆ ನಿಟ್ಟುಸಿರಿಗೆ ನಾಟಕ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬರುತ್ತಿತ್ತು.) "ಬೆಡ್ ಸವೆದುಹೋಗಿದೆ ಶಿವಾನಂದ್. ಹಳೇ ಮಷೀನಲ್ವಾ, ಇನ್ನೇನೂ ಮಾಡಕ್ಕಾಗಲ್ಲ" ಎಂದೆ.

ಬೆಡ್ ಎಂದರೆ ಲೇತಿನ ಬೆನ್ನೆಲುಬು. ಟೂಲ್ ಹಿಡಿದ ಭಾಗ ಅತ್ತಿತ್ತ ಜಾರುವುದು ಅದರ ಮೇಲೆಯೇ. ಅದು ಸವೆದಿದೆ ಎಂದರೆ ಮಷೀನು ಮತ್ತೆ ಗುಜರಿಗೆ ಎಂದೇ ಅರ್ಥ. ಅವರ ಮುಖ ಬಾಡಿತು. ಆದರೂ ಗೇಟಿನವರೆಗೆ ಬಂದು ಕೈಮುಗಿದು ಕಳಿಸಿದರು. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೂ ಅಂದು ನಾನು ಹಾಡು ಗುನುಗುತ್ತಿದ್ದೆ. ಇಂಥವನೂ ಇರುತ್ತಾನಾ ಎಂದು ಕೇಳಬೇಡಿ. ಆಫೀಸಿನಲ್ಲಿ ಎಕ್ಸೆಲ್ ಶಾರ್ಟ್‌ಕಟ್ ಹೇಳಿಕೊಡದವರು, ಪುಳಿಯೋಗರೆ ಗೊಜ್ಜಿನಲ್ಲಿ ಒಂದು ಸಾಮಾನು ಬಿಟ್ಟು ರೆಸಿಪಿ ಬರೆದುಕೊಡುವವರು ನಿಮ್ಮ ಮನೆಯಲ್ಲೇ ಇಲ್ಲವಾ?

ಆದರೆ ಗದಗಿನ ಮನುಷ್ಯ ಸೋಲಲಿಲ್ಲ. ವಿಚಾರಿಸಿಕೊಂಡು ಆರ್.ಟಿ. ನಗರದ ಖಾದರ್ ಸಾಹೇಬರ ಮನೆಗೆ ಹೋದರು. ಸವೆದ ಬೆಡ್‌ಗಳನ್ನು ಕೈಯಿಂದ ಕೆರೆದು ಮಟ್ಟ ಮಾಡುವುದರಲ್ಲೇ ಕಾರ್ಖಾನೆಯಲ್ಲಿ ಇಡೀ ಸರ್ವೀಸು ಕಳೆದ ಹಿರಿಯರು ಅವರು. ನೀಲಿ ಬಣ್ಣ ಹಚ್ಚಿ, ಉಬ್ಬಿದ ಚುಕ್ಕೆಗಳನ್ನು ಗುರುತಿಸಿ, ಒಂದೊಂದನ್ನೇ ಕೆರೆಯಬೇಕು. ಮತ್ತೆ ಬಣ್ಣ, ಮತ್ತೆ ಕೆರೆತ. ಶಿವಾನಂದ್ ಕೆಲಸ ಮುಗಿಸಿ ಬಂದವರೇ ಇದಕ್ಕೆ ಕೂರುತ್ತಿದ್ದರು. ನಾಲ್ಕು ತಿಂಗಳು ಹಿಡಿಯಿತು. ಮತ್ತೆ ಜೋಡಿಸುವ ಮುಂಚೆ, ಸಾಹೇಬರು ಹೇಳಿದರೆಂದು, ಸ್ಪಿರಿಟ್ ಲೆವೆಲ್ ಇಟ್ಟು ಸಮನಾದ ಕಾಂಕ್ರೀಟ್ ಕಟ್ಟೆ ಕಟ್ಟಿಸಿ ಅದರ ಮೇಲೆ ಲೇತ್ ನಿಲ್ಲಿಸಿದರು.

ಸರಳು ಈ ತುದಿಯಿಂದ ಆ ತುದಿಗೆ ಒಂದೇ ದಪ್ಪ. ಕೆರೆದದ್ದರಿಂದ ಸರಿಹೋಯಿತೋ, ಕಟ್ಟೆಯಿಂದಲೋ? ನನಗೆ ಗೊತ್ತು. ಶಿವಾನಂದ್ ಮಾತ್ರ ಕೆರೆದದ್ದರಿಂದಲೇ ಎಂದು ನಂಬಿದರು. ಈಗ ಆ ಬೆಡ್ ಮೇಲೆ ಸಾಲುಸಾಲಾಗಿ ಸಣ್ಣ ಅರ್ಧಚಂದ್ರದ ಗುರುತುಗಳಿವೆ. ಬೆಳಕು ಬಿದ್ದರೆ ಹೊಳೆಯುತ್ತವೆ. ಹೊಚ್ಚಹೊಸದಾಗಿ ಕೊಂಡ ನನ್ನ ಮಷೀನಿಗೆ ಆ ಯೋಗ ಇಲ್ಲ.

ಅದನ್ನು ನೋಡಲೆಂದೇ ಭಾನುವಾರ ಗುಂಪು ಅವರ ಮನೆಯಲ್ಲಿ ಸೇರಿದ್ದು. "ಬೆಡ್ ಸವದೈತಿ ಅಂತ ಬರೇ ಕಣ್ಣಾಗ ನೋಡಿ ಹೇಳಿದವರು ಇವರ್ರೀ. ಇವರು ಹೇಳದಿದ್ರ ನಾನು ಈ ವಿದ್ಯಾ ಕಲೀತಿರಲಿಲ್ಲ" ಎಂದು ಶಿವಾನಂದ್ ಶಾಲು ಹೊದಿಸಿದರು. ನಿಜ ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಬೇಕಿತ್ತಾ? ನಾನು ಹೇಳಲಿಲ್ಲ. ಗುಂಪಿನ ಮುಂದೆ ಆ ಹಳೆಯ ಸುಖ ಮತ್ತೆ ಸಿಕ್ಕಿತ್ತಲ್ಲ.

ಉಪ್ಪಿಟ್ಟು, ಕೇಸರಿಬಾತ್ ಹಂಚುವಾಗ ಖಾದರ್ ಸಾಹೇಬರು ತಟ್ಟೆ ಹಿಡಿದು ನನ್ನ ಪಕ್ಕ ಕೂತರು.

"ಬೆಡ್ ಸವೆದಿದೆ ಅಂದಿದ್ದು ನೀವೇನಾ ಸಾರ್?"

"ಹೌದು, ನಾನೇ."

"ಸವೆದಿರ್ಲಿಲ್ಲ." ಅವರು ನಿಧಾನವಾಗಿ ಕೇಸರಿಬಾತ್ ಮುಗಿಸಿದರು. "ನಾನು ಇಲ್ಲಿಗೆ ಬಂದ ದಿನಾನೇ ಲೆವೆಲ್ ಇಟ್ಟು ನೋಡ್ದೆ. ತಪ್ಪಿದ್ದಿದ್ದು ನೆಲದಲ್ಲಿ. ನಿಮಗೂ ಗೊತ್ತಿತ್ತು ಅನ್ಸುತ್ತೆ."

"ಮತ್ತೆ ನೀವ್ಯಾಕೆ ಹೇಳ್ಲಿಲ್ಲ?" ಎಂದು ತಿರುಗಿ ಕೇಳಿದೆ.

"ಹೇಳೋಣ ಅಂತಾನೇ ಬಾಯಿ ತೆಗ್ದೆ. ಆದ್ರೆ ರಿಟೈರ್ ಆದ್ಮೇಲೆ, ಈ ಕೆಲ್ಸ ಕಲಿಸಿಕೊಡಿ ಅಂತ ನನ್ನ ಮನೆ ಬಾಗಿಲಿಗೆ ಬಂದೋರು ಇವರೊಬ್ಬರೇ ಸಾರ್. ಹತ್ತು ನಿಮಿಷದಲ್ಲಿ ರಿಪೇರಿ ಮಾಡಿ ಕೈಬಿಡಕ್ಕೆ ಮನಸು ಬರ್ಲಿಲ್ಲ."

ಅವರೂ ಮುಚ್ಚಿಟ್ಟರು, ನಾನೂ ಮುಚ್ಚಿಟ್ಟೆ. ಇಬ್ಬರೂ ಮುಚ್ಚಿಟ್ಟದ್ದು ಒಂದೇ ಮಾತು. ನಾನು ಒಂದು ಲೇತ್ ಕೆಡಲಿ ಎಂದು, ಅವರು ಒಂದು ವಿದ್ಯೆ ಉಳಿಯಲಿ ಎಂದು. ನಾಚಿಕೆಯಾಯಿತು, ನಿಜ. ಆದರೆ ಅದಕ್ಕಿಂತ ಮೊದಲು ಏನಾಯಿತು ಹೇಳಲೇ? ಅವರ ಸುಳ್ಳಿನ ಮೇಲೂ ಹೊಟ್ಟೆಕಿಚ್ಚಾಯಿತು. ಇಷ್ಟು ಚೆಂದದ ಸುಳ್ಳು ನನಗೇಕೆ ಹೊಳೆಯಲಿಲ್ಲ?

ಈ ಒಂದು ವಾರದಲ್ಲಿ ಎರಡು ಸಲ ನಿಜ ಹೇಳಲೆಂದೇ ಮತ್ತಿಕೆರೆಗೆ ಹೋದೆ. ಎರಡು ಸಲವೂ ಅವರ ಬೀದಿಯ ತಿರುವಿನಲ್ಲಿ ಟೀ ಕುಡಿದು ವಾಪಸ್ ಬಂದೆ. ಇಲ್ಲಿ ಬರೆಯಲೇ ಎಂದು ಖಾದರ್ ಸಾಹೇಬರನ್ನು ಕೇಳಿದೆ. "ಬರೀರಿ ಸಾರ್. ಕಲಿತಾಗಿದೆ, ಇನ್ನು ಅದನ್ನ ಅವ್ರು ವಾಪಸ್ ಕೊಡಕ್ಕಾಗಲ್ಲ" ಎಂದರು.

ಶಿವಾನಂದ್ ಈ ಅಂಕಣ ತಪ್ಪದೆ ಓದುತ್ತಾರೆ. ಇವತ್ತೂ ಓದುತ್ತಿರುತ್ತಾರೆ. ಶಿವಾನಂದ್, ನಾನು ಮನೆಯಲ್ಲೇ ಇರುತ್ತೇನೆ. ಬನ್ನಿ, ಬಾಯ್ತುಂಬ ಬಯ್ಯಿರಿ.

ಬರುವಾಗ ಆ ಲೇತಿನಲ್ಲಿ ಮಾಡಿದ್ದು ಯಾವುದನ್ನೂ ಕೈಯಲ್ಲಿ ಹಿಡಿದು ತರಬೇಡಿ, ಅಷ್ಟೇ.