ಮೊದಲು ಮುಟ್ಟಿದ್ದು ಆನೆ

ಸಂಪಿಗೆ ರಸ್ತೆಯ ಹಿಂದಿನ ಶಾಲೆಯೊಂದರ ಹಾಲಿನಲ್ಲಿ ಅವತ್ತು ಚೆಸ್ ಟೂರ್ನಮೆಂಟಿನ ಕೊನೆಯ ಸುತ್ತು. ಐವತ್ತು ದಾಟಿದವರ ಜಿಲ್ಲಾ ತಂಡದಲ್ಲಿ ಒಂದೇ ಒಂದು ಜಾಗ ಉಳಿದಿತ್ತು. ಅದು ನನಗೆ ಬೇಕಿತ್ತು. ಸಂಸಾರ, ಆಫೀಸು ಅಂತ ಇಷ್ಟು ವರ್ಷ ಓಡಾಡಿದ ಮೇಲೆ ನನಗೇ ಅಂತ ಆಸೆಪಟ್ಟದ್ದು ಅದೊಂದನ್ನೇ. ಆ ಜಾಗಕ್ಕೆ ನನ್ನೆದುರು ಕೂತವರು ಯಾರು ಅಂತ ನೋಡಿದರೆ, ನಮ್ಮ ಪಕ್ಕದ ಮನೆಯ ಮೇಷ್ಟ್ರು!

ಅವರು ರಿಟೈರ್ ಆದಾಗಿನಿಂದ ಸಂಜೆ ಕಾಫಿ ಹೊತ್ತಿಗೆ ನಮ್ಮ ವರಾಂಡದಲ್ಲಿ ಬೋರ್ಡು ಬಿಚ್ಚುವುದು ರೂಢಿ. ನನಗೆ ಆಟ ಕಲಿಸಿದವರೂ ಅವರೇ. ಇಟಾಲಿಯನ್ ಅನ್ನುವ ಆರಂಭವನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದರು: ಕಾಲಾಳು, ಕುದುರೆ, ಒಂಟೆ, ಆಮೇಲೆ ಕ್ಯಾಸಲಿಂಗ್. ಅಂದರೆ ರಾಜನನ್ನು ಮೂಲೆಯ ಕಡೆ ಸರಿಸಿ, ಪಕ್ಕದಲ್ಲಿ ಆನೆಯನ್ನು ಕಾವಲಿಗೆ ನಿಲ್ಲಿಸುವುದು. ಮೇಷ್ಟ್ರು ಯಾವಾಗಲೂ ಮೊದಲು ಆನೆಯನ್ನು ಎತ್ತಿಟ್ಟು ಆಮೇಲೆ ರಾಜನನ್ನು ಹಾರಿಸುತ್ತಿದ್ದರು. ನನ್ನ ಕೈಗೂ ಅದೇ ಅಭ್ಯಾಸವಾಯಿತು.

ಬಿಳಿ ಕಾಯಿ ನನ್ನದು. ಮೊದಲ ನಡೆಗಳು ನೀರು ಕುಡಿದಷ್ಟು ಸಲೀಸಾಗಿ ಸಾಗಿದವು. ಆನೆಯನ್ನು ಎತ್ತಿಟ್ಟು ರಾಜನ ಮೇಲೆ ಕೈಯಿಡುವಷ್ಟರಲ್ಲಿ ಮೇಷ್ಟ್ರು ಗಡಿಯಾರ ನಿಲ್ಲಿಸಿ ತೀರ್ಪುಗಾರರನ್ನು ಕರೆದರು.

"ಸಾರ್, ಇವ್ರು ಆನೆ ಮೊದ್ಲು ಮುಟ್ಟಿದ್ರು."

"ಹೌದಾ ಮೇಡಂ? ಹಾಗಾದ್ರೆ ಆನೇನ ಮಾತ್ರ ನಡಿಸ್ಬೇಕು. ರಾಜ ಅಲ್ಲೇ ಇರ್ಲಿ," ಅಂದರು ತೀರ್ಪುಗಾರರು. ಟೂರ್ನಮೆಂಟಿನಲ್ಲಿ ಮೊದಲು ಮುಟ್ಟಿದ ಕಾಯನ್ನೇ ನಡೆಸಬೇಕಂತೆ; ಕ್ಯಾಸಲಿಂಗ್ ಮಾಡುವುದಾದರೆ ರಾಜನನ್ನೇ ಮೊದಲು ಮುಟ್ಟಬೇಕಂತೆ.

ನಾನು ಮೇಷ್ಟ್ರ ಕಡೆ ತಿರುಗಿದೆ. "ನೀವೇ ಅಲ್ವಾ ಮೇಷ್ಟ್ರೇ, ಹೀಗೆ ಹೇಳ್ಕೊಟ್ಟಿದ್ದು?"

"ಅದು ಮನೆ ಆಟ ಕಣಮ್ಮಾ," ಅಂದರು, ಬೋರ್ಡಿನಿಂದ ಕಣ್ಣು ಎತ್ತದೆ.

ನನ್ನ ರಾಜ ಮರೆಯಿಲ್ಲದೆ ನಡುವೆಯೇ ಉಳಿದ. ಮೇಷ್ಟ್ರ ಮಂತ್ರಿ ಬಂದು ಕಥೆ ಮುಗಿಸಿತು. ಜಗಳವಾಡೋಣವೆಂದರೆ ರೂಲ್ಸು ಅವರ ಕಡೆ. ನನ್ನ ಹೊಟ್ಟೆ ಉರಿಸಿದ್ದೇ ಅದು. ಸುಮ್ಮನೆ ಕೈ ಕುಲುಕಿ ಮನೆಗೆ ಬಂದೆ.

ಮರುದಿನ ಸಂಜೆ ಏನೂ ಆಗಿಲ್ಲವೆಂಬಂತೆ ಅವರು ಬಂದು ಕೂತರು. ಕಾಫಿ ಕೊಟ್ಟು ಬೋರ್ಡು ಬಿಚ್ಚಿದೆ. ಆಟ ಶುರುವಾದ ಸ್ವಲ್ಪ ಹೊತ್ತಿಗೆ ಅವರ ಕೈ ತಾನಾಗಿ ಆನೆಯತ್ತ ಹೋಯಿತು. ಅದನ್ನು ಎತ್ತಿಟ್ಟು ರಾಜನನ್ನು ಹಿಡಿದರು.

"ಆನೆ ಮುಟ್ಟಿದ್ರಿ ಮೇಷ್ಟ್ರೇ. ರಾಜನ್ನ ಬಿಡಿ."

"ಅಯ್ಯೋ, ಮನೇಲೂನಾ?"

"ಮನೆ ಆಟ ನಿನ್ನೆಗೇ ಮುಗೀತು."

ಅವರು ಕೈ ಹಿಂದಕ್ಕೆ ತೆಗೆದರು. ಆ ಆಟ ನಾನೇ ಗೆದ್ದೆ. ಜಿಲ್ಲೆಗೆ ಆಡುವವರು ಮಾತ್ರ ಅವರೇ.